ರಸ್ತೆಯ ತಪ್ಪು, ವಿಮೆಯ ಲೆಕ್ಕ



ಕಬ್ಬಿನ ಹಂಗಾಮು ಬಂದಿತೆಂದರೆ ಭಾಲ್ಕಿ ತಾಲೂಕಿನ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳದ್ದೇ ಸಾಲು. ಅದೇ ಟ್ರಾಲಿಯಲ್ಲಿ ಜನರನ್ನು ತುಂಬಿಕೊಂಡು ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಗೂ ಹೊರಡುವುದುಂಟು. ಪೊಲೀಸರು ತಡೆದರೆ ದಂಡ ಕಟ್ಟಿದರಾಯಿತು ಎಂದು ಅನೇಕರು ಎಣಿಸುತ್ತಾರೆ. ಆದರೆ ದೊಡ್ಡ ಖರ್ಚು ಬರುವುದು ವಿಮೆಯ ಕಡೆಯಿಂದ.

ವಾಹನ ವಿಮೆಯಲ್ಲಿ ಎರಡು ಭಾಗಗಳಿವೆ. ನಿಮ್ಮ ಗಾಡಿಯಿಂದ ಪರರಿಗಾದ ಹಾನಿಯನ್ನು ತುಂಬಿಕೊಡುವುದು ಒಂದು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಇದು ಕಡ್ಡಾಯ. ಇದಿಲ್ಲದೆ ಗಾಡಿ ಓಡಿಸಿದರೆ, 2019ರ ತಿದ್ದುಪಡಿಯಂತೆ, ಮೊದಲ ಸಲ 2,000, ಮರುಸಲ 4,000 ರೂಪಾಯಿ ದಂಡ. ಇಲ್ಲವೆ ಮೂರು ತಿಂಗಳವರೆಗೆ ಸೆರೆಮನೆ, ಅಥವಾ ಎರಡೂ. ಸ್ವಂತ ಗಾಡಿಯ ಹಾನಿಗೆಂದು ಮಾಡಿಸುವುದು ಇನ್ನೊಂದು ಭಾಗ.

ಕೆಲವು ದೇಶಗಳಲ್ಲಿ ರಸ್ತೆ ನಿಯಮ ಮುರಿದವರಿಗೆ ವಿಮೆಯ ಕಂತೇ ಏರುತ್ತದೆ. ನಮ್ಮಲ್ಲಿಯೂ ಹಾಗಾಗಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರಲ್ಲಿ ಸಲಹೆ ಮಾಡಿತು: ಕುಡಿದು ಓಡಿಸಿದರೆ 100 ಅಂಕ, ಸಲ್ಲದ ಜಾಗದಲ್ಲಿ ನಿಲ್ಲಿಸಿದರೆ 10 ಅಂಕ, ಅಂಕ ಏರಿದಂತೆ ಕಂತು. ಇನ್ನು ಕಾರು, ಜೀಪು ಇಟ್ಟವರಿಗೆ ಒಂದು ಮಾತು. ಪರಿಹಾರ ಕೇಳದೆ ಒಂದು ವರ್ಷ ಕಳೆದರೆ ಸ್ವಂತ ಹಾನಿಯ ಕಂತಿನಲ್ಲಿ ಶೇಕಡಾ 20, ಸತತ ಐದು ವರ್ಷ ಕಳೆದರೆ ಶೇಕಡಾ 50 ರಿಯಾಯಿತಿ ಉಂಟು. ಅವಸರದ ಒಂದು ಡಿಕ್ಕಿಗೆ ಪರಿಹಾರ ಪಡೆದರೆ ಆ ರಿಯಾಯಿತಿ ಹೋಗುತ್ತದೆ.

ಟ್ರ್ಯಾಕ್ಟರಿನ ವಿಷಯ ಇದಕ್ಕಿಂತ ಬಿಗಿ. ಬೇಸಾಯಕ್ಕೆಂದೇ ವಿಮೆ ಮಾಡಿಸಿದ್ದ ಒಂದು ಟ್ರ್ಯಾಕ್ಟರನ್ನು ಇಟ್ಟಿಗೆ ಭಟ್ಟಿಯ ಮಣ್ಣಿಗೆ ಹಚ್ಚಿದ್ದರು. ಟ್ರಾಲಿಯಿಂದ ಬಿದ್ದು ಕೂಲಿಯಾಳಿಗೆ ಪೆಟ್ಟಾಯಿತು. 2007ರಲ್ಲಿ ಸುಪ್ರೀಂ ಕೋರ್ಟು, ವಿಮಾ ಕಂಪನಿ ಇದಕ್ಕೆ ಹೊಣೆಯಲ್ಲ ಎಂದಿತು. ಆದರೂ ಬಡವನೆಂದು ಕಂಪನಿಯೇ ಮೊದಲು ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಅಪ್ಪಣೆ ಮಾಡಿತು. ನೋಡಿದಿರಾ, ಕಂತು ಕಟ್ಟಿದ್ದೂ ಆಯಿತು, ಪರಿಹಾರದ ಭಾರವೂ ಮಾಲೀಕನ ಹೆಗಲಿಗೇ ಬಂತು! ಅಷ್ಟು ಹಣ ಹೊಲ ಮಾರದೆ ಎಷ್ಟು ಮನೆಗಳಲ್ಲಿ ಹುಟ್ಟೀತು? ಪರವಾನಗಿ ಇಲ್ಲವೆಂದು ತಿಳಿದೂ ಮಗನ ಕೈಗೋ ಆಳಿನ ಕೈಗೋ ಗಾಡಿ ಕೊಟ್ಟ ಮಾಲೀಕನಿಗೂ ಇದೇ ಗತಿ ಬರಬಹುದು.

ಇಂದು ಸಂಜೆ ನಿಮ್ಮ ವಿಮೆಯ ಕಾಗದ ಹೊರತೆಗೆಯಿರಿ. ಗಾಡಿಯನ್ನು ಯಾವ ಕೆಲಸಕ್ಕೆ ಬಳಸಬಹುದೆಂದು ಅದರಲ್ಲಿ ಬರೆದಿರುತ್ತದೆ. ಟ್ರಾಲಿಯ ಹೆಸರು ಅದರಲ್ಲಿದೆಯೇ, ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನೂ ನೋಡಿರಿ. ಇಂಗ್ಲಿಷು ಬಾರದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಿರಿ.