ಮಗಳ ಐದನೇ ವರ್ಷದ ಫೀಸು

2019ರಲ್ಲಿ ಇಲ್ಲಿ ಓಹಾಯೊದ ಹೈಸ್ಕೂಲ್ ಮೈದಾನದಲ್ಲಿ ಸಾಕರ್ ಆಡುವಾಗ ಮಗಳ ಮೊಣಕಾಲಿನ ಲಿಗಮೆಂಟ್ ಹರಿಯಿತು. ನಾನು ಗ್ಯಾಲರಿಯಿಂದ ಇಳಿದು ಓಡುವಷ್ಟರಲ್ಲಿ ಶಾಲೆಯ ಅಥ್ಲೆಟಿಕ್ ಟ್ರೇನರ್ ಅವಳ ಕಾಲಿಗೆ ಆಸರೆ ಕಟ್ಟಿ, ಕೈ ಹಿಡಿದು ಕೂತಿದ್ದರು. ಆಪರೇಷನ್ ಆದಮೇಲೆ ತಿಂಗಳುಗಟ್ಟಲೆ ಜೊತೆಗಿದ್ದು ಅವಳನ್ನು ಮತ್ತೆ ಓಡಿಸಿದವರೂ ಅವರೇ. "ಅಮ್ಮಾ, ನಾನೂ ಇದನ್ನೇ ಓದ್ತೀನಿ" ಅಂದಳು.

ದಾವಣಗೆರೆಯ ನಮ್ಮಣ್ಣ ಇದನ್ನು ಜಿಮ್ಮಿನ ಕೆಲಸ ಅಂದುಕೊಂಡಿದ್ದ. ಅಲ್ಲ, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1990ರಲ್ಲೇ ಮಾನ್ಯ ಮಾಡಿದ ಆರೋಗ್ಯ ವೃತ್ತಿ ಇದು.

ಆಗ ಒಂದು ಕಾಲೇಜಿನ ಕರಪತ್ರ ತಂದು ಬೀರುವಿನಲ್ಲಿಟ್ಟೆ. ಅದರಲ್ಲಿ ಅಥ್ಲೆಟಿಕ್ ಟ್ರೇನಿಂಗ್ ಬ್ಯಾಚುಲರ್ಸ್, ನಾಲ್ಕು ವರ್ಷ ಎಂದಿತ್ತು. ಮಕ್ಕಳ ಓದಿಗೆಂದೇ ಇರುವ ನಮ್ಮ 529 ಉಳಿತಾಯ ಖಾತೆಗೆ ತಿಂಗಳು ತಿಂಗಳು ಹಾಕಿದ್ದೂ ಅದೇ ಲೆಕ್ಕದಲ್ಲಿ. 2023ರಲ್ಲಿ ಅರ್ಜಿ ಹಾಕಲು ಕೂತಾಗ ಆ ಕೋರ್ಸೇ ಇಲ್ಲ! ಈ ವೃತ್ತಿಗೆ ಮಾಸ್ಟರ್ಸ್ ಬೇಕೆಂದು 2015ರಲ್ಲೇ ತೀರ್ಮಾನವಾಗಿತ್ತು. 2022ರ ಫಾಲ್ ಸೆಮಿಸ್ಟರ್ ಶುರುವಾದ ಮೇಲೆ ಬ್ಯಾಚುಲರ್ಸ್‌ಗೆ ಹೊಸಬರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಹಳೆಯ ಕಾಗದ ನಂಬಿ ನಾಲ್ಕು ವರ್ಷ ಕೂತದ್ದು ನನ್ನ ತಪ್ಪು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬ್ಯಾಚುಲರ್ಸ್‌ನ ನಾಲ್ಕು ಮತ್ತು ಮಾಸ್ಟರ್ಸ್‌ನ ಎರಡು ಸೇರಿ ಆರು ವರ್ಷ. ಅದರ ಬದಲು ಮೂರು ವರ್ಷ ವ್ಯಾಯಾಮ ವಿಜ್ಞಾನ ಓದಿ, ನಂತರದ ಎರಡು ವರ್ಷ ಮಾಸ್ಟರ್ಸ್ ಮಾಡುವ ಕಾಲೇಜು ಹುಡುಕಿದೆವು. ಒಂದು ವರ್ಷದ ಫೀಸು, ಬಾಡಿಗೆ, ಊಟದ ಖರ್ಚು ಉಳಿಯಿತು.

ಇನ್ನು ಸಾಲ. ಸರ್ಕಾರದ ಸಾಲದಲ್ಲಿ ಮಾಸ್ಟರ್ಸ್‌ನವರಿಗೆ ಬಡ್ಡಿ ದರ 2013ರಿಂದ 1.55 ಶೇಕಡಾ ಅಂಶ ಹೆಚ್ಚು. 2025–26ರಲ್ಲಿ ಬ್ಯಾಚುಲರ್ಸ್‌ಗೆ ಶೇ. 6.39, ಮಾಸ್ಟರ್ಸ್‌ಗೆ ಶೇ. 7.94 ಇತ್ತು. ಮಾಸ್ಟರ್ಸ್ ಸಾಲಕ್ಕೆ ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ಹಾಗಾಗಿ ಉಳಿತಾಯವನ್ನು ಮೊದಲೇ ಖರ್ಚು ಮಾಡದೆ, ಮೊದಲ ಮೂರು ವರ್ಷ 5,500, 6,500, 7,500 ಡಾಲರ್ ಸಾಲ ಎತ್ತಿ, 529ರ ದೊಡ್ಡ ಪಾಲನ್ನು ಕೊನೆಗೆ ಕಾಯ್ದಿರಿಸಿದೆವು. ಗಂಡ ಮೊದಲು ಒಪ್ಪಲಿಲ್ಲ, ದುಡ್ಡಿದ್ದೂ ಸಾಲವೇಕೆ ಅಂದರು. ಕೋಷ್ಟಕ ಬರೆದು ತೋರಿಸಿದೆ.

ಮಾಸ್ಟರ್ಸ್‌ನಲ್ಲಿ ಅವಳು ಪಾರ್ಟ್ ಟೈಮ್ ದುಡಿಯುತ್ತಾಳೆ ಎಂದೂ ಲೆಕ್ಕ ಹಾಕಬೇಡಿ. ಸಂಜೆ, ಶನಿವಾರ ಎಲ್ಲ ತಂಡಗಳ ಜೊತೆ ಕ್ಲಿನಿಕಲ್ ತರಬೇತಿ. ಕನಿಷ್ಠ ನಾಲ್ಕು ವಾರ ಒಂದೇ ಸಮನೆ ಪೂರ್ಣಾವಧಿ. ಓಡಾಟಕ್ಕೆ ಕಾರು ಬೇಕು. ಇಷ್ಟಾದ ಮೇಲೆ ಈ ವೃತ್ತಿಯವರ ನಡುಮಟ್ಟದ ಸಂಬಳ ವರ್ಷಕ್ಕೆ 60 ಸಾವಿರ ಡಾಲರ್ ಆಸುಪಾಸು. ಅವರ ಕೆಲಸ ಕಣ್ಣಾರೆ ಕಂಡ ನನಗೆ ಇದು ಅನ್ಯಾಯ ಅನಿಸುತ್ತದೆ. ಅದಕ್ಕೇ ಅವಳ ತಲೆಯ ಮೇಲೆ ದೊಡ್ಡ ಸಾಲ ಕೂರಬಾರದು.

ಇಂಥ ಐದು ವರ್ಷದ ಕೋರ್ಸಿಗೆ ಸೇರಿಸುವವರು ನಾಲ್ಕನೇ ವರ್ಷ ಸಾಲದ ಲೆಕ್ಕದಲ್ಲಿ ಬ್ಯಾಚುಲರ್ಸ್‌ಗೆ ಸೇರುತ್ತದೋ ಮಾಸ್ಟರ್ಸ್‌ಗೋ ಎಂದು ಕಾಲೇಜಿನಿಂದ ಬರಹದಲ್ಲಿ ಪಡೆಯಿರಿ. ನಮಗೆ ಕಳೆದ ವಾರ ಉತ್ತರ ಬಂತು: ಬ್ಯಾಚುಲರ್ಸ್. ಇನ್ನೊಂದು 7,500 ಡಾಲರ್ ಕಡಿಮೆ ಬಡ್ಡಿಗೇ ಸಿಗುತ್ತದೆ.