ಟ್ರ್ಯಾಕ್ಟರಿನ ಎಂಜಿನ್ ಎಣ್ಣೆಯನ್ನು ಮನೆಯಲ್ಲಿಯೇ ಬದಲಾಯಿಸುವ ಕ್ರಮ

(ಚೋರನೂರು ಹೋಬಳಿಯ ಭೂಮಾಲೀಕರ ಹಾಗೂ ಗ್ರಾಮದ ಯಜಮಾನರ ತಿಳಿವಳಿಕೆಗಾಗಿ)

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ದೂರದ ಸಂತೆಗೆ ಹೊರಡುವುದು ಹಿಂದಿನ ಒಕ್ಕಲಿಗರ ಪದ್ಧತಿಯಾಗಿರಲಿಲ್ಲ. ಅಚ್ಚು ಕಿರುಗುಟ್ಟಿದೊಡನೆ ಎತ್ತುಗಳನ್ನು ನಿಲ್ಲಿಸುತ್ತಿದ್ದರು. ಟ್ರ್ಯಾಕ್ಟರಿನ ಎಂಜಿನ್ನಾದರೋ ಹಾಗೆ ಮೊದಲೇ ಎಚ್ಚರಿಸುವುದಿಲ್ಲ. ಅದು ಸದ್ದು ಮಾಡುವ ಹೊತ್ತಿಗೆ ಬೇರಿಂಗುಗಳು ಸವೆದುಹೋಗಿರುತ್ತವೆ. ಹದವು ಬೇಗನೆ ಆರಿಹೋಗುವ ಕೆಂಪು ನೆಲದಲ್ಲಿ ಬಿತ್ತನೆಯ ಕಾಲಕ್ಕೆ ಎಂಜಿನ್ ಕೆಟ್ಟು ನಿಂತರೆ, ರಿಪೇರಿಯ ಖರ್ಚಿಗಿಂತ ತಪ್ಪಿದ ಹದದ ನಷ್ಟವೇ ದೊಡ್ಡದು.

ಎಣ್ಣೆಯು ಕಪ್ಪಾಯಿತೆಂದ ಮಾತ್ರಕ್ಕೆ ಕೆಟ್ಟಿತೆಂದು ತಿಳಿಯಬಾರದು. ಡೀಸೆಲ್ಲಿನ ಮಸಿಯನ್ನು ತನ್ನಲ್ಲಿ ಹಿಡಿದಿಡುವುದೂ ಅದರ ಕೆಲಸವಾದುದರಿಂದ ಹೊಸ ಎಣ್ಣೆಯೂ ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತದೆ. ಆದುದರಿಂದ ಬಣ್ಣವನ್ನು ನೋಡದೆ ದುಡಿದ ಗಂಟೆಗಳನ್ನು ನೋಡತಕ್ಕದ್ದು. ಅನೇಕ ಟ್ರ್ಯಾಕ್ಟರುಗಳಿಗೆ 250 ಗಂಟೆಗಳ ಅವಧಿಯುಂಟು. ಯಂತ್ರದ ಕೈಪಿಡಿಯಲ್ಲಿ ಬೇರೆ ಹೇಳಿದ್ದರೆ ಅದೇ ಪ್ರಮಾಣ. ಸಂಡೂರು ಸೀಮೆಯ ಕೆಮ್ಮಣ್ಣಿನ ಧೂಳಿನಲ್ಲಿ ದುಡಿಯುವ ಯಂತ್ರಕ್ಕೆ ಇನ್ನೂ ಮೊದಲೇ ಬದಲಾಯಿಸುವುದು ಕ್ಷೇಮ. ಗಾಳಿಯ ಫಿಲ್ಟರನ್ನು ಅಲಕ್ಷಿಸಿದರೆ ಮಾತ್ರ ಎಷ್ಟು ಒಳ್ಳೆಯ ಎಣ್ಣೆಯೂ ನಿಷ್ಫಲ. ಒಳಹೊಕ್ಕ ಧೂಳು ಎಣ್ಣೆಯೊಡನೆ ಬೆರೆತು ಸಾಣೆಯ ಪುಡಿಯಂತೆ ಲೋಹವನ್ನು ತೇಯುತ್ತದೆ.

ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ, ಬ್ರೇಕು ಹಾಕಿ, ಗಾಲಿಗಳಿಗೆ ಕಲ್ಲು ಒಡ್ಡಬೇಕು. ಎಂಜಿನ್ನನ್ನು ಹತ್ತು ನಿಮಿಷ ನಡೆಸಿ ನಿಲ್ಲಿಸಿದರೆ ಎಣ್ಣೆ ಬೆಚ್ಚಗಾಗಿ ಕೊಳೆಯೊಡನೆ ಸರಾಗವಾಗಿ ಇಳಿಯುತ್ತದೆ. ಕುದಿಯುವಷ್ಟು ಬಿಸಿಯಿರುವಾಗ ಕೈಹಾಕಲಾಗದು. ಕೆಳಗೆ ಅಗಲವಾದ ಡಬ್ಬಿಯನ್ನಿಟ್ಟು ತಳದ ಬೋಲ್ಟನ್ನು ಬಿಚ್ಚಿ, ಹನಿ ನಿಲ್ಲುವವರೆಗೆ ಕಾಯಬೇಕು. ಇಳಿದ ಎಣ್ಣೆಯನ್ನು ಪರೀಕ್ಷಿಸದೆ ಬಿಡಬಾರದು. ಹಾಲಿನಂತೆ ಬಿಳುಪೇರಿದ್ದರೆ ನೀರು ಬೆರೆತಿದೆ. ತೆಳುವಾಗಿ ಡೀಸೆಲ್ಲಿನ ವಾಸನೆಯಿದ್ದರೆ ಇಂಧನ ಸೋರಿದೆ. ಬೆರಳಿಗೆ ಲೋಹದ ಚೂರು ಸಿಕ್ಕರೆ ಸವೆತ ಆರಂಭವಾಗಿದೆ. ಈ ಮೂರರಲ್ಲಿ ಯಾವುದು ಕಂಡರೂ ಹೊಸ ಎಣ್ಣೆ ಸುರಿದು ಮುಂದುವರಿಯದೆ ಮೇಸ್ತ್ರಿಯನ್ನು ಕರೆಯಿಸತಕ್ಕದ್ದು.

ಎಣ್ಣೆಯ ಫಿಲ್ಟರನ್ನೂ ಆಗಲೇ ಬದಲಾಯಿಸಬೇಕು. ತಿರುಗಿಸಿ ಕೂಡಿಸುವ ಜಾತಿಯದಾದರೆ ಅದರ ರಬ್ಬರಿನ ಉಂಗುರಕ್ಕೆ ಹೊಸ ಎಣ್ಣೆ ಸವರಿ, ಹಳೆಯ ಉಂಗುರವು ಎಂಜಿನ್ನಿಗೆ ಅಂಟಿಕೊಂಡಿಲ್ಲವೆಂದು ನೋಡಿ, ಕೈಯಿಂದಲೇ ಬಿಗಿಯಬೇಕು. ಪಾನಾದಿಂದ ಬಿಗಿದರೆ ಉಂಗುರ ಕೆಡುತ್ತದೆ. ಬೋಲ್ಟಿಗೆ ಹೊಸ ವಾಷರು ಹಾಕಿ ಬಿಗಿದ ಮೇಲೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಸುರಿಯಬೇಕು. ಅಂಗಡಿಯಲ್ಲಿ ಬಿಡಿಯಾಗಿ ಅಳೆದುಕೊಡುವ, ಹೆಸರಿಲ್ಲದ ಅಗ್ಗದ ಎಣ್ಣೆಯ ಆಸೆಗೆ ಬೀಳುವುದು ಬೇಡ. ಅಳತೆಗೋಲಿನ ಎರಡು ಗುರುತುಗಳ ನಡುವೆ ಮಟ್ಟವಿರಲಿ. ಹೆಚ್ಚು ತುಂಬಿದರೂ ಹಾನಿಯೇ. ಎಂಜಿನ್ನನ್ನು ಸ್ವಲ್ಪ ಹೊತ್ತು ನಡೆಸಿ, ಎಣ್ಣೆಯ ಒತ್ತಡದ ದೀಪ ಆರಿದುದನ್ನೂ ಸೋರಿಕೆಯಿಲ್ಲದುದನ್ನೂ ಕಂಡು, ನಿಲ್ಲಿಸಿ, ಐದು ನಿಮಿಷದ ತರುವಾಯ ಮಟ್ಟವನ್ನು ಮತ್ತೊಮ್ಮೆ ನೋಡಬೇಕು. ಆ ದಿನದ ಗಂಟೆಯ ಲೆಕ್ಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.

ಇಳಿಸಿದ ಎಣ್ಣೆಯನ್ನು ಬದುವಿಗೋ ಹಳ್ಳಕ್ಕೋ ಚೆಲ್ಲಿದರೆ ಅದು ಬಾವಿಯ ನೀರನ್ನು ಸೇರಬಹುದು. ಎತ್ತಿನ ಹುಣ್ಣಿಗೆ ಸವರುವ ರೂಢಿಯೂ ಅಪಾಯಕರ. ಮನುಷ್ಯರ ಚರ್ಮಕ್ಕೂ ಅದು ಕೇಡು, ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಗ್ರಾಮದ ಯಜಮಾನರು ಊರಿಗೊಂದು ಮುಚ್ಚಳವುಳ್ಳ ಪೀಪಾಯಿಯನ್ನು ನೆರಳಿನಲ್ಲಿ ಇಡಿಸಿ, ತುಂಬಿದಾಗ ಪರವಾನಗಿಯುಳ್ಳ ಮರುಸಂಸ್ಕರಣೆಗಾರರಿಗೆ ಒಪ್ಪಿಸಲಿ. ಅದರಲ್ಲಿ ನೀರನ್ನಾಗಲಿ ಡೀಸೆಲ್ಲನ್ನಾಗಲಿ ಬೆರೆಸಿದರೆ ಅದನ್ನು ಶುದ್ಧಿಮಾಡುವುದು ಕಷ್ಟವಾಗುತ್ತದೆ.