ಎಳ್ಳಿನ ಪೊಟ್ಟಣ ಹೇಳುವ ಸಮಾಚಾರ

ಹೊಸದಾಗಿ ಮನೆ ಹೂಡಿರುವ ಮಕ್ಕಳಿಗೆ ಈ ಮಾತು. ನನ್ನ ಮೊಮ್ಮಗಳೂ ನಿಮ್ಮ ವಯಸ್ಸಿನವಳೇ. ಮೊನ್ನೆ ಬಂದವಳು, "ಅಜ್ಜಿ, ಈ ಸಲ ನಮ್ಮ ಫ್ಲಾಟಿನಲ್ಲೂ ಗೊಂಬೆ ಕೂರಿಸ್ತೀನಿ, ನೋಡು" ಅಂತ ಮೊಬೈಲು ಚಾಚಿದಳು. ಮಡಚುವ ಮೆಟ್ಟಿಲು, ಪ್ಲಾಸ್ಟಿಕ್ ಚೆಂಡುಹೂವಿನ ಹಾರ, ಹಿಂದೆ ಕಟ್ಟುವ ಪರದೆ, ಬಂದವರ ಕೈಗಿಡಲು ಇಪ್ಪತ್ತೈದು ಬಣ್ಣದ ಡಬ್ಬಿ, ಎಲ್ಲ ಒಂದೇ ಕಟ್ಟು. ಬೆಲೆ ಕೇಳಿದೆ. ಅವಳ ಮನೆ ಬಾಡಿಗೆಯ ಕಾಲು ಭಾಗ. ದುಡ್ಡಿನ ವಿಷಯ ಆಮೇಲೆ ಮಾತಾಡೋಣ, ಮೊದಲು ಒಂದು ಹಳೆಯ ಕಥೆ ಕೇಳು ಅಂದೆ. ನೀವೂ ಕೇಳಿ.

ನಾನು ಬಸವನಗುಡಿಗೆ ಸೊಸೆಯಾಗಿ ಬಂದ ಮೂರನೆಯ ಸಂಕ್ರಾಂತಿ. ನಮ್ಮ ಅತ್ತೆ ಪ್ರತಿವರ್ಷ ಧನುರ್ಮಾಸ ಹುಟ್ಟುತ್ತಲೇ ಎಳ್ಳಿನ ಕೆಲಸಕ್ಕೆ ಕೂರುವವರು. ಆ ವರ್ಷ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ನನಗೆ ಕಂಕುಳಲ್ಲಿ ಕೂಸು. ಅಂಗಡಿಯಿಂದ ಕಲಸಿಟ್ಟ ಎಳ್ಳನ್ನೇ ತಂದು, ಪೊಟ್ಟಣ ಕಟ್ಟಿ, ಬಾಳೆಹಣ್ಣು, ಕಬ್ಬಿನ ತುಂಡು ಇಟ್ಟು ಬೀರಿ ಬಂದೆ. ಶಂಕರಪುರದಲ್ಲಿ ಅತ್ತೆಯ ಹಳೆಯ ಗೆಳತಿ ಒಬ್ಬರಿದ್ದರು. ಅವರಿಗೂ ಕೊಟ್ಟೆ. ಆತುರದಲ್ಲಿದ್ದೆ, ಹೊಸಿಲ ಹೊರಗೇ ನಿಂತು ಕೊಟ್ಟು ಬಂದೆ. ಮಾರನೆಯ ದಿನ ಬೆಳಿಗ್ಗೆ ಆ ತಾಯಿ ಒಂದು ಪಾತ್ರೆ ಮೆಣಸಿನ ಸಾರು ಹಿಡಿದು ನಮ್ಮ ಬಾಗಿಲಿಗೆ ಬಂದು, "ನಿಮ್ಮತ್ತೆ ಕೈಗೆ ಏನಾಯ್ತಮ್ಮ?" ಅಂದರು. ನಾನು ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. "ಕೊಬ್ಬರಿ ಹೆಚ್ಚಿರೋದು ಅವಳಲ್ಲ. ಅವಳಿಗೆ ಆಗದೇ ಇದ್ದರೆ ಮಾತ್ರ ಬೇರೆಯವರ ಕೈಗೆ ಕೊಡ್ತಾಳೆ" ಅಂದರು.

ಅವತ್ತು ನನಗೆ ಗೊತ್ತಾಯಿತು, ಕೈಯಾರೆ ಮಾಡಿದ್ದು ಮನೆಯ ಸಮಾಚಾರವನ್ನೂ ಹೊತ್ತುಕೊಂಡು ಹೋಗುತ್ತೆ ಅಂತ. ಈ ವರ್ಷ ಕೊಬ್ಬರಿ ದಪ್ಪ ಹೆಚ್ಚಿದ್ದಾರೆ, ಕಣ್ಣು ಮಂದವಾಗಿರಬೇಕು. ಬೆಲ್ಲದ ಚೂರು ಒಂದೊಂದು ಒಂದೊಂದು ಗಾತ್ರ, ಮಕ್ಕಳೂ ಸೇರಿಕೊಂಡಿದ್ದಾರೆ. ಅಂಗಡಿಯ ಡಬ್ಬಿ ಎಷ್ಟು ಚೆಂದವಿದ್ದರೂ ಅದನ್ನು ಕೊಟ್ಟವರ ಮನೆಯಲ್ಲಿ ಯಾರಿದ್ದಾರೆ, ಹೇಗಿದ್ದಾರೆ ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ.

ಗೊಂಬೆಯ ವಿಷಯಕ್ಕೆ ಬರೋಣ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರುಮಾಡಿದರು. ಆ ಅರಮನೆಯ ವೈಭವವನ್ನು ಹಳೇ ಮೈಸೂರಿನವರು ಮನೆಯ ಮೂಲೆಯಲ್ಲಿ ಪುಟ್ಟದಾಗಿ ಹೂಡಿಕೊಂಡದ್ದೇ ಗೊಂಬೆ ಹಬ್ಬ ಅಂತ ನಾನು ತಿಳಿದಿದ್ದೇನೆ. ಅದಕ್ಕೆ ಬೇಕಾದ್ದು ಒಂದು ಜೊತೆ ಪಟ್ಟದ ಗೊಂಬೆ, ರಾಜ ರಾಣಿ. ಮರದ್ದು. ತವರಿನಿಂದ ಬಂದಿದ್ದರೆ ಸರಿ, ಇಲ್ಲದಿದ್ದರೆ ಅಮ್ಮನನ್ನು ಕೇಳಿ, ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೇ ಪಂಚೆ ಸುತ್ತಿಕೊಂಡು ಮಲಗಿರುತ್ತೆ. ಮಿಕ್ಕ ಗೊಂಬೆಗಳನ್ನು ವರ್ಷಕ್ಕೆ ಒಂದೊಂದರಂತೆ ಸೇರಿಸಿಕೊಳ್ಳಿ. ಚನ್ನಪಟ್ಟಣ ಇಲ್ಲೇ ಅರವತ್ತು ಕಿಲೋಮೀಟರು. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವುದನ್ನು ನೋಡಿಕೊಂಡು ಬನ್ನಿ, ಒಂದೇ ಒಂದು ಗೊಂಬೆ ತನ್ನಿ. ಹತ್ತು ವರ್ಷಕ್ಕೆ ಹತ್ತಾಗುತ್ತೆ, ಪ್ರತಿಯೊಂದೂ ಬಂದ ವರ್ಷ ನಿಮಗೆ ನೆನಪಿರುತ್ತೆ.

ಮೆಟ್ಟಿಲಿಗೆ ದುಡ್ಡು ಹಾಕಬೇಡಿ. ಮೂರೋ ಐದೋ, ಬೆಸಸಂಖ್ಯೆ ಇದ್ದರೆ ಸಾಕು. ಸೂಟ್‌ಕೇಸು, ಅಕ್ಕಿ ಡಬ್ಬ, ದಪ್ಪ ಪುಸ್ತಕ, ಮೇಲೊಂದು ಹಲಗೆ, ಅದರ ಮೇಲೆ ಒಗೆದ ಬಿಳಿ ಪಂಚೆ. ನಮ್ಮ ಮನೆಯಲ್ಲಿ ಮೇಲಿನ ಮೆಟ್ಟಿಲಿಗೆ ಮಾವನವರ ಕಾನೂನು ಪುಸ್ತಕಗಳೇ ಆಧಾರ. ಒಂಬತ್ತು ದಿನ ಅವರಿಗೆ ಓದು ಬಂದ್!

ಗೊಂಬೆಗಳ ಮುಂದೆ ಹೂಡುವ ಪಾರ್ಕು ಮಾತ್ರ ನೀವೇ ಬೆಳೆಸಬೇಕು, ಇದರಲ್ಲಿ ನನಗೆ ರಾಜಿಯಿಲ್ಲ. ಮಹಾಲಯ ಅಮಾವಾಸ್ಯೆಗೆ ಒಂದು ವಾರ ಮುಂಚೆ ಒಂದು ಹಿಡಿ ರಾಗಿ ನೆನೆಹಾಕಿ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಮಣ್ಣು ಹರಡಿ, ನೆಂದ ರಾಗಿ ಉದುರಿಸಿ, ಮೇಲೆ ಜರಡಿ ಹಿಡಿದ ಮಣ್ಣು ತೆಳ್ಳಗೆ ಹಾಕಿ, ಕೈಯಿಂದ ನೀರು ಚಿಮುಕಿಸಿ. ಸುರಿಯಬೇಡಿ, ಕಾಳೆಲ್ಲ ಮೂಲೆಗೆ ಹರಿದುಹೋಗುತ್ತೆ. ಮೂರನೆಯ ದಿನ ಮಣ್ಣು ಬಿರುಕು ಬಿಡುತ್ತೆ, ಹಬ್ಬದ ಹೊತ್ತಿಗೆ ಪಚ್ಚೆ ಪೈರು. ಹಳೆಯ ಕನ್ನಡಿಯೊಂದನ್ನು ನಡುವೆ ಇಟ್ಟು ಸುತ್ತ ಮರಳು ಹಾಕಿದರೆ ಕೆರೆ. ಬೋರಲು ಹಾಕಿದ ಡಬ್ಬದ ಮೇಲೆ ಗಂಜಿಯಲ್ಲಿ ಅದ್ದಿದ ಗೋಣಿಬಟ್ಟೆ ಹೊದಿಸಿ ಒಣಗಿಸಿದರೆ ಬೆಟ್ಟ, ಅದಕ್ಕೆ ಕೆಮ್ಮಣ್ಣು ಬಳಿದರೆ ಸಾಕ್ಷಾತ್ ಚಾಮುಂಡಿ ಬೆಟ್ಟ. ಗಾಳಿಪಟದ ಕಾಗದ ಕತ್ತರಿಸಿ ಮೈದಾ ಅಂಟಿನಲ್ಲಿ ಸರಪಳಿ ಮಾಡಿ ಕಟ್ಟಿ. ಥರ್ಮಾಕೋಲು ತರಲೇಬೇಡಿ. ಹಬ್ಬ ಮುಗಿದ ಮೇಲೆ ಎಲ್ಲಿ ಎಸೆದರೂ ಅದು ಹಾಗೇ ಬಿದ್ದಿರುತ್ತೆ. ರಾಗಿ ಪೈರಾದರೆ ಹಸು ತಿನ್ನುತ್ತೆ.

ಬಂದ ಮಕ್ಕಳಿಗೆ ಬೊಂಬೆ ಬಾಗಿನ ಕೊಡಬೇಕಲ್ಲ, ದಿನಕ್ಕೊಂದು ಉಸಲಿಯೋ ಕೋಡುಬಳೆಯೋ ಮಾಡಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಡಿ. ಡಬ್ಬಿ ಮಕ್ಕಳಿಗೆ ಯಾಕೆ?

ಕೈ ಪಳಗದವರು ಗೆಜ್ಜೆವಸ್ತ್ರದಿಂದ ಶುರುಮಾಡಬಹುದು. ಗಾಂಧಿ ಬಜಾರಿನ ಯಾವ ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೂ ಹತ್ತಿ ಸಿಗುತ್ತೆ. ಬೀಜ ಬಿಡಿಸಿ, ಹಿಂಜಿ, ಉದ್ದಕ್ಕೆ ಎಳೆದುಕೊಳ್ಳಿ. ಹೆಬ್ಬೆರಳು ತೋರುಬೆರಳನ್ನು ಹಾಲಿನಲ್ಲಿ ಅದ್ದಿ, ಒಂದೊಂದು ಕಡಲೆಕಾಳಿನಷ್ಟು ಹತ್ತಿ ಬಿಟ್ಟು ಒಂದೊಂದು ಕಡೆ ಹೊಸೆಯಿರಿ. ಉಬ್ಬು, ಹೊಸೆತ, ಉಬ್ಬು, ಹೊಸೆತ, ಹೀಗೆ. ಹೊಸೆದ ಕಡೆಯೆಲ್ಲ ಕಲಸಿದ ಕುಂಕುಮ ಮುಟ್ಟಿಸಿ. ಮೊದಲನೆಯದು ಹಗ್ಗದ ಹಾಗೆ ಬರುತ್ತೆ, ಹತ್ತನೆಯದಕ್ಕೆ ಗೆಜ್ಜೆಯ ರೂಪ ಬರುತ್ತೆ. ಗೌರಿ ಹಬ್ಬಕ್ಕೆ ಮೊರದ ಬಾಗಿನ ಕೊಡುವಾಗ ನೀವೇ ಮಾಡಿದ ಗೆಜ್ಜೆವಸ್ತ್ರ ಒಂದು ಜೊತೆ ಇಟ್ಟು ನೋಡಿ, ಹಿರಿಯರು ಅದನ್ನೇ ಮೊದಲು ಎತ್ತಿಕೊಳ್ಳುತ್ತಾರೆ.

ಇನ್ನು ಎಳ್ಳು. ಅದು ಜನವರಿಯ ಕೆಲಸ ಅಂದುಕೊಳ್ಳಬೇಡಿ, ಕಾರ್ತಿಕದ ಕೊನೆಯ ಸೋಮವಾರ ಬಸವನ ಗುಡಿಯ ಮುಂದೆ ಶುರುವಾಗುತ್ತೆ. ಕಡಲೆಕಾಯಿ ಪರಿಷೆಯಲ್ಲಿ ಎಲ್ಲರೂ ತಿನ್ನಲು ಕೊಂಡರೆ ನಮ್ಮ ಅತ್ತೆ ಎರಡು ಸೇರು ಹೆಚ್ಚಿಗೆ ಕೊಂಡು ಒಣಗಿಸಿ ಎತ್ತಿಡುತ್ತಿದ್ದರು. ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ತೆಗೆದು, ಎರಡು ಬೇಳೆ ಮಾಡಬೇಕು. ಕೊಬ್ಬರಿಯ ಕಂದು ಸಿಪ್ಪೆ ಪೂರ್ತಿ ಹೆರೆದು ತೆಳ್ಳಗೆ ಹೆಚ್ಚಬೇಕು. ಅಚ್ಚು ಬೆಲ್ಲವನ್ನು ಅಡಕತ್ತರಿಯಲ್ಲಿ ಕಡಲೆ ಗಾತ್ರ ಕತ್ತರಿಸಬೇಕು. ಕೊಬ್ಬರಿ, ಬೆಲ್ಲ ಎರಡನ್ನೂ ಬೇರೆ ಬೇರೆ ಬಿಸಿಲಿಗಿಟ್ಟು ತೇವ ಹೋಗಿಸದಿದ್ದರೆ ಹಬ್ಬದ ಹೊತ್ತಿಗೆ ಮುಗ್ಗಲು ಬರುತ್ತೆ. ಇವು, ಹುರಿಗಡಲೆ, ಒಂದೊಂದು ಪಾವಾದರೆ ಬಿಳಿ ಎಳ್ಳು ಅರ್ಧ ಪಾವು, ಅದನ್ನು ಬೆಚ್ಚಗೆ ಹುರಿದರೆ ಸಾಕು. ಕೆಲಸ ಬಹಳ ಅನ್ನಿಸಿದರೆ ಹತ್ತೇ ಮನೆಗೆ ಆಗುವಷ್ಟು ಮಾಡಿ. ನೂರು ಮನೆಗೆ ಕೊರಿಯರಿನಲ್ಲಿ ಕಳಿಸುವುದಕ್ಕಿಂತ ಹತ್ತು ಮನೆಗೆ ನಡೆದು ಹೋಗಿ ಕೊಡಿ, ಒಳಗೆ ಹೋಗಿ ಕೂತು ಕೊಡಿ. ನಾನು ಹೊಸಿಲ ಹೊರಗೆ ನಿಂತು ಕೊಟ್ಟದ್ದು ಇವತ್ತಿಗೂ ಮನಸ್ಸನ್ನು ಚುಚ್ಚುತ್ತೆ.

ಒಬ್ಬರೇ ಕೂತು ಮಾಡಬೇಡಿ. ಗಂಡನಿಗೆ ಅಡಕತ್ತರಿ ಕೊಡಿ, ಪಕ್ಕದ ಫ್ಲಾಟಿನವರನ್ನು ಕರೆಯಿರಿ. ಅವರ ಭಾಷೆ ಯಾವುದಾದರೂ ಆಗಲಿ, ಕೊಬ್ಬರಿ ಹೆಚ್ಚಲು ಭಾಷೆ ಬೇಡ. ಮಾಡಿದ್ದು ಸೊಟ್ಟಗಾದರೆ ನಾಚಿಕೊಂಡು ಮುಚ್ಚಿಡಬೇಡಿ, ಹಾಗೇ ಕೊಡಿ. ಮೊಬೈಲಿನ ಫೋಟೋಗಳ ಪಕ್ಕ ನಿಮ್ಮದನ್ನು ಇಟ್ಟು ನೋಡಬೇಡಿ, ಮಕ್ಕಳೇ. ಬೇಡುವುದು ಇದೊಂದೇ.

ಸಕ್ಕರೆ ಅಚ್ಚು ಮಾಡುವ ಧೈರ್ಯ ಬಂದವರು ನಮ್ಮ ಮನೆಗೆ ಬನ್ನಿ. ನಮ್ಮ ಅತ್ತೆಯ ಮರದ ಅಚ್ಚುಗಳು ಇವೆ, ಕೊಡುತ್ತೇನೆ. ಹಿಂದಿನ ರಾತ್ರಿ ನೀರಿನಲ್ಲಿ ಮುಳುಗಿಸಿಡಿ, ಇಲ್ಲದಿದ್ದರೆ ಸಕ್ಕರೆ ಮರಕ್ಕೆ ಕಚ್ಚಿಕೊಳ್ಳುತ್ತೆ. ಸಕ್ಕರೆ ಕುದಿಯುವಾಗ ಒಂದೆರಡು ಚಮಚ ಹಾಲು ಹಾಕಿದರೆ ಕೊಳೆ ಮೇಲೆ ಬರುತ್ತೆ, ಅದನ್ನು ತೆಗೆದು ಬಟ್ಟೆಯಲ್ಲಿ ಶೋಧಿಸಿ. ಒಂದು ಸಲಕ್ಕೆ ಒಂದೇ ಬಟ್ಟಲು ಪಾಕ ಕಾಯಿಸಿ, ಹೆಚ್ಚು ಇಟ್ಟರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತೆ. ಎಳೆ ಬಂದಾಗ ಇಳಿಸಿ, ಬೆಳ್ಳಗಾಗುವ ತನಕ ತಿರುವಿ, ರಬ್ಬರ್ ಬ್ಯಾಂಡು ಬಿಗಿದ ಅಚ್ಚಿಗೆ ತಡಮಾಡದೆ ಹುಯ್ಯಿರಿ. ಗಿಳಿಯ ಅಚ್ಚಿನಲ್ಲಿ ಕೊಕ್ಕಿನ ಕಡೆ ಸ್ವಲ್ಪ ಸವೆದಿದೆ, ಬಿಚ್ಚುವಾಗ ಬಾಲದ ಕಡೆಯಿಂದ ಬಿಚ್ಚಿ.